ಮೂರು ಟಿಕ್‌ನಲ್ಲಿ ಉಳಿದದ್ದು ಒಂದೇ

ಬೆಳಗಿನ ಐದೂವರೆ. ನಾಸಿಕದ ಧರ್ಮಾರ್ಥ ಆಸ್ಪತ್ರೆಯೊಂದರ ನೋಂದಣಿ ಕಿಟಕಿ ಇನ್ನೂ ತೆರೆದಿಲ್ಲ. ಒಳಗೆ ಮಂಜುಶ್ರೀ ಒಬ್ಬರೇ ಕೂತು, ಇಲ್ಲದ ರೋಗಿಯೊಬ್ಬರ ಹೆಸರಿನಲ್ಲಿ ಕಂಪ್ಯೂಟರಿನಲ್ಲಿ ಫಾರ್ಮ್ ತುಂಬುತ್ತಿದ್ದಾರೆ. 'ಯಾವ ಔಷಧ ಮೈಗೆ ಒಗ್ಗುವುದಿಲ್ಲ?' ಎಂಬ ಪ್ರಶ್ನೆಯ ಕೆಳಗೆ ಒಂಬತ್ತು ಚೌಕಗಳಿವೆ. ಒಂದಕ್ಕೆ ಟಿಕ್ ಹಾಕುತ್ತಾರೆ, ಆಮೇಲೆ ಮೂರಕ್ಕೆ, ಆಮೇಲೆ ಒಂಬತ್ತಕ್ಕೂ. ಕೊನೆಗೆ ಒಂದಕ್ಕೂ ಹಾಕುವುದಿಲ್ಲ. ಪ್ರತಿ ಸಲವೂ ಸೇವ್ ಮಾಡಿ, ಮತ್ತೆ ತೆರೆದು ನೋಡುತ್ತಾರೆ.

ಭಾಲ್ಕಿಯ ಮಂಜುಶ್ರೀ ಔರಂಗಾಬಾದಿನಲ್ಲಿ ಎಂಸಿಎ ಓದಿ, 2008ರಲ್ಲಿ ಇಲ್ಲಿಗೆ ಬಂದವರು. ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಈ ಫಾರ್ಮ್ ಬರೆದವರು ಅವರೇ. ರೋಗಿಗಳು ಟಿಕ್ ಹಾಕಿಕೊಟ್ಟ ಕಾಗದ ನೋಡಿ ಕಿಟಕಿಯವರು ಇದನ್ನು ತುಂಬುತ್ತಾರೆ. ಎರಡು ವರ್ಷ ಯಾರೂ ಚಕಾರ ಎತ್ತಲಿಲ್ಲ.

ಒಂದು ಸೋಮವಾರ ಕಲಬುರಗಿ ಕಡೆಯ ನರ್ಸ್ ಕಮಲಾಬಾಯಿ ಕಾಗದವೊಂದನ್ನು ಹಿಡಿದು ಓಡಿಬಂದರು. ಚುಚ್ಚುವ ಮೊದಲು ರೋಗಿಯನ್ನು ಬಾಯಿಮಾತಿನಲ್ಲೂ ಕೇಳುವುದು ಅವರ ರೂಢಿ.

"ಕಾಗದದಾಗ ಮೂರು ಟಿಕ್ ಅವ, ನಿನ್ನ ಕಂಪ್ಯೂಟರ್‌ದಾಗ ಒಂದೇ ಅದಲ್ಲವ್ವಾ! ಪೆನ್ಸಿಲಿನ್ ಕಾಣವಲ್ದು. ನಾ ಕೇಳ್ಲಿಲ್ಲಂದ್ರ ಸೂಜಿ ಹಾಕೇಬಿಡ್ತಿದ್ದೆ!"

ಮಂಜುಶ್ರೀ ತಾವು ಬರೆದಿದ್ದ ಸಾಲುಗಳನ್ನು ತೆರೆದು ನೋಡಿದರು. ಒಂದೇ ಗುಂಪಿನ ಚೌಕಗಳಿಂದ ಎಷ್ಟು ಟಿಕ್ ಬಂದರೂ ಮೊದಲನೆಯದನ್ನಷ್ಟೇ ಎತ್ತಿಕೊಳ್ಳುವ ಆಜ್ಞೆಯೊಂದು ಜಾವಾದಲ್ಲಿದೆ. ಎಲ್ಲವನ್ನೂ ಪಟ್ಟಿಯಾಗಿ ತರುವ ಆಜ್ಞೆ ಬೇರೆ. ಇವರು ಬರೆದದ್ದು ಮೊದಲಿನದನ್ನು. ಪರೀಕ್ಷಿಸುವಾಗಲೆಲ್ಲ ಒಂದೇ ಟಿಕ್ ಹಾಕಿ, ಸರಿಯಾಗಿ ಬಂತೆಂದು ಎದ್ದು ಹೋಗಿದ್ದರು.

"ಒಂದು ಸಾಲು ರೀ. ಹತ್ತು ನಿಮಿಷದಾಗ ತಿದ್ದಿದೆ. ಆದ್ರ ಎರಡು ವರ್ಷ ಹೋದದ್ದು ಎಲ್ಲಿಂದ ತರ್ಲಿ?" ಎನ್ನುತ್ತಾರೆ ಮಂಜುಶ್ರೀ.

ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ ಎನ್ನುವ ನಮ್ಮಂಥವರಿಗೆ ಇದನ್ನು ಕೇಳಿಯೇ ಮೈ ಜುಮ್ಮೆನ್ನುತ್ತದೆ. ಉಳಿದದ್ದು ರೋಗಿಗಳು ತುಂಬಿದ್ದ, ಇಲ್ಲವೇ ಬೇರೆಯವರಿಂದ ತುಂಬಿಸಿದ್ದ ಕಾಗದಗಳು ಮಾತ್ರ. ಮಂಜುಶ್ರೀ ಉಗ್ರಾಣದ ಕಟ್ಟುಗಳನ್ನು ಬಿಚ್ಚಿ, ಟಿಕ್ ಇದ್ದ ಕಾಗದಗಳನ್ನು ಬೇರೆ ಮಾಡಿದರು. ದಿನಕ್ಕೆ ಇಪ್ಪತ್ತು ಕಾಗದ, ಐವತ್ತೆಂಟು ಬೆಳಗು. ಒಂದಕ್ಕಿಂತ ಹೆಚ್ಚು ಟಿಕ್ ಇದ್ದವರು ಇನ್ನೂರ ಹನ್ನೊಂದು ಮಂದಿ. ಹಗಲು ಬಿಡುವಾದಾಗಲೆಲ್ಲ ಫೋನ್ ಹಚ್ಚಿ, ತಪ್ಪು ತನ್ನದೆಂದು ಹೇಳಿ ಎಚ್ಚರಿಸಿದರು. ಸಿಗದೆ ಉಳಿದವರು ಒಬ್ಬರೇ, ದಿಂಡೋರಿಯ ದ್ರಾಕ್ಷಿ ತೋಟದ ಕೂಲಿ ಹನುಮವ್ವ. ಅವರ ಕಾಗದದಲ್ಲಿ ನಾಲ್ಕು ಟಿಕ್ ಇದ್ದವು.

ಭಾನುವಾರ ಬಸ್ಸು ಹಿಡಿದು ಹೋದ ಮಂಜುಶ್ರೀ ಮೂರನೆಯ ತೋಟದಲ್ಲಿ ಆಕೆಯನ್ನು ಕಂಡರು. ವಿಷಯ ಕೇಳಿದ ಹನುಮವ್ವ ನಕ್ಕು, ಪ್ಲಾಸ್ಟಿಕ್ ಚೀಲದೊಳಗಿಂದ ಆಸ್ಪತ್ರೆಯ ಅಚ್ಚಿನ ಚೀಟಿ ತೆಗೆದು ತೋರಿಸಿದರು.

"ನಂಗೇನು ಓದಾಕ ಬರ್ತದೇನವ್ವಾ? ಯಾವ ಡಾಕ್ಟರ್ ಕೇಳಿದ್ರೂ ಇದನ್ನೇ ಕೊಡ್ತೀನಿ."

ಚೀಟಿಯಲ್ಲಿ ಇದ್ದದ್ದು ಒಂದೇ ಔಷಧದ ಹೆಸರು. ಮಂಜುಶ್ರೀ ಅಲ್ಲೇ ಬದುವಿನ ಮೇಲೆ ಕೂತು ಹೊಸದೊಂದನ್ನು ಬರೆದರು.

ನಾಲ್ಕು ಹೆಸರಿನ ಹೊಸ ಚೀಟಿ ಕೊಟ್ಟು ಇಸಿದುಕೊಂಡು ಬಂದ ಆ ಹಳೆಯ ಚೀಟಿ ಈಗ ಅವರ ಮೇಜಿನ ಗಾಜಿನ ಕೆಳಗಿದೆ. ಕಿಟಕಿಯಾಚೆ ಸಾಲು ಬೆಳೆಯುತ್ತಿದೆ. ಅವರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ನಿಮ್ಮ ಪೇಪರ್‌ದಾಗ ನನ್ನ ಹೆಸರು ಬರದಿದ್ರೂ ನಡೀತದ್ರಿ. ಹನುಮವ್ವ ತೋರ್ಸೋ ಚೀಟಿ ಖರೇ ಇರಬೇಕು, ಅಷ್ಟ ಸಾಕು."