ನಿಂತ ಇಂಜಿನ್ನಿನಲ್ಲಿ ಹರಳೆಣ್ಣೆ

ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಇಂಜಿನ್ನಿನ ಬಿಡಿಭಾಗಗಳನ್ನು ಅಳೆಯುವ ಕೆಲಸ ನನ್ನದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪತ್ತೆ ಹಚ್ಚುತ್ತೇನೆ ಎಂಬ ಜಂಬವಿತ್ತು. ಆದರೆ ಇಡೀ ಇಂಜಿನ್ ಒಂದನ್ನು ಬಿಚ್ಚಿ ಮತ್ತೆ ಜೋಡಿಸಿದವನಲ್ಲ. ಆ ಕೆಲಸಕ್ಕೆ ಮೊದಲು ಕೈಹಾಕಿದ್ದು ಮಾವನ ಕಾರಿಗೆ.

ಮಾವ ಎಂದರೆ ಅಮ್ಮನ ತಮ್ಮ. ಡೆಂಕಣಿಕೋಟೆಗೆ ಹತ್ತಿರದ ಹಳ್ಳಿ. ರಾಗಿ, ಟೊಮೇಟೊ ಬೆಳೆಯುತ್ತಲೇ ಒಂದು ಪೆಟ್ರೋಲ್ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಕೊನೆಯ ದಿನಗಳಲ್ಲಿ ಕಾರು ವಿಪರೀತ ಹೊಗೆ ಕಾರುತ್ತಿತ್ತು. ರಿಪೇರಿಗೆ ಇಂಜಿನ್ ಇಳಿಸಬೇಕು ಎನ್ನುತ್ತಿದ್ದವನು ಅಷ್ಟರಲ್ಲಿ ತಾನೇ ಹಾಸಿಗೆ ಹಿಡಿದ. ಅವನು ಹೋದ ಮೇಲೆ ಅತ್ತೆ ಶೆಡ್ಡಿಗೆ ಬೀಗ ಹಾಕಿ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಆರು ವರ್ಷ ಕಾರು ಹಾಗೇ ನಿಂತಿತ್ತು.

ಹೋದ ವರ್ಷ ಅವಳೇ ಕರೆದು ಹೇಳಿದಳು. "ಗುಜ್ರಿಗೆ ಹಾಕಾಕೆ ಮನಸ್ಸು ಬತ್ತಿಲ್ಲ ಕಣ್ಲಾ. ನೀನೇ ಒಂದಪ ಬಿಚ್ಚಿ ನೋಡು."

ಮೊದಲ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿದೆ. ಆರು ವರ್ಷ ನಿಂತ ಇಂಜಿನ್ನಿನ ಪ್ಲಗ್ಗುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ ಎಂದು ಉದ್ದದ ಸ್ಪ್ಯಾನರ್ ತಂದಿದ್ದೆ. ಅದು ಬೇಕಾಗಲೇ ಇಲ್ಲ. ನಾಲ್ಕೂ ಪ್ಲಗ್ಗುಗಳು ಬೆರಳಲ್ಲೇ ತಿರುಗಿ ಬಂದವು. ಯಾರೋ ಬರಿಗೈಯಲ್ಲಿ ಕೂರಿಸಿ ಹೋದ ಹಾಗೆ. ಮೊದಲ ಪ್ಲಗ್ಗಿನ ತೂತಿಗೆ ಮೂಗು ಹಿಡಿದೆ. ಪೆಟ್ರೋಲಿನ ವಾಸನೆ ಬರಲಿಲ್ಲ. ಹರಳೆಣ್ಣೆಯ ವಾಸನೆ ಬಂತು.

ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ತೆಗೆದೆ. ಪಿಸ್ಟನ್ನುಗಳು ಓಡಾಡುವ ನಾಲ್ಕೂ ಬೋರುಗಳ ಗೋಡೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಕಾರಿನ ಟಾಪಿನ ಮೇಲೆ ಬೆರಳು ದಪ್ಪದ ಧೂಳು, ಟೈರು ನೆಲಕ್ಕೆ ಅಂಟಿಹೋಗಿದೆ, ಸೀಟಿನೊಳಗೆ ಇಲಿ ಮರಿ ಹಾಕಿದೆ. ಆದರೆ ಒಳಗೆ, ಕಣ್ಣಿಗೆ ಕಾಣದ ಕಡೆ, ತುಕ್ಕಿನ ಒಂದು ಚುಕ್ಕೆಯಿಲ್ಲ.

"ಅತ್ತೆ, ಶೆಡ್ಡಿಗೆ ಯಾರಾದ್ರೂ ಬರ್ತಿದ್ರಾ?"

"ಬೀಗದ ಕೈ ನನ್ನ ಸೆರಗ್ನಾಗೈತೆ. ಯಾರು ಬತ್ತಾರೆ?"

ಇಂಜಿನ್ ಇಳಿಸಿ ಬ್ಲಾಕನ್ನು ಹೊಸೂರಿನ ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ತಮಿಳರು, ವಯಸ್ಸಾದವರು. ಬೋರಿನೊಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷ ನಿಂತಿತ್ತು ಅಂದ್ರಿ?"

"ಆರು."

"ಇಲ್ಲ ಸಾರ್. ಇದು ನಿಂತ ಇಂಜಿನ್ ಅಲ್ಲ. ದಿನಾ ಯಾರೋ ಕೈಯಲ್ಲಿ ತಿರುಗಿಸಿದಾರೆ." ಅವರು ಟಾರ್ಚು ಆರಿಸಿ ನನ್ನ ಮುಖ ನೋಡಿದರು.

ಪಿಸ್ಟನ್ನುಗಳ ಸವೆದ ರಿಂಗುಗಳ ಬದಲಿಗೆ ಹೊಸವು ತಂದೆ. ಬೋರು ಉಜ್ಜಿಸಿದ್ದಾಯಿತು. ಮೂರನೆಯ ಭಾನುವಾರ ಬ್ಲಾಕನ್ನು ಶೆಡ್ಡಿನ ಮೇಜಿನ ಮೇಲಿಟ್ಟು ಕ್ರ್ಯಾಂಕ್ ಕೂರಿಸಿದೆ. ಇಂಜಿನ್ನಿನ ಬೆನ್ನುಮೂಳೆಯಂಥ ಆ ಉಕ್ಕಿನ ದಂಡ ಬೆರಳಿನಿಂದ ದೂಡಿದರೆ ಸದ್ದಿಲ್ಲದೆ ತಿರುಗಿತು. ಆಗಿನ ಖುಷಿಯನ್ನು ಯಾರಿಗಾದರೂ ಹೇಳಬೇಕೆನಿಸಿತು. ಪಿಸ್ಟನ್ನುಗಳನ್ನು ಸಂಜೆ ಹಾಕೋಣವೆಂದು ಮುದ್ದೆ ಉಂಡು ಬಂದು, ಕಾರಿನ ಪಕ್ಕದಲ್ಲಿ ಗೋಣಿ ಹಾಸಿಕೊಂಡು ಉರುಳಿದೆ. ತಗಡಿನ ಮಾಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ನಿದ್ದೆ ಹತ್ತಲಿಲ್ಲ.

ಬಾಗಿಲ ಬೆಳಕಿಗೆ ನೆರಳು ಬಿತ್ತು. ಅತ್ತೆ. ಬರಿಗಾಲು, ಬಿಚ್ಚಿದ ಕೂದಲು, ಕೈಯಲ್ಲಿ ತಲೆಗೆ ಹಚ್ಚುವ ಹರಳೆಣ್ಣೆಯ ಶೀಸೆ. ಮಾತಾಡಿಸಬೇಕೆಂದು ಎದ್ದು ಕೂತವನು ಅವಳ ಮುಖ ನೋಡಿ ಸುಮ್ಮನಾದೆ. ಕಣ್ಣು ತೆರೆದಿತ್ತು. ಆದರೆ ಎರಡು ಮಾರು ದೂರದಲ್ಲಿ ಕೂತ ನಾನು ಆ ಕಣ್ಣಿಗೆ ಬೀಳಲಿಲ್ಲ.

ಅವಳು ಮೊದಲು ಕಾರಿನ ಬಳಿ ಹೋಗಿ ಬಾನೆಟ್ಟಿನ ಕೆಳಗಿನ ಖಾಲಿ ಜಾಗದಲ್ಲಿ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ ಮೇಜಿನತ್ತ ತಿರುಗಿದಳು. ಗೋಡೆಯ ಮೊಳೆಯಿಂದ ಒಂದು ಸ್ಪ್ಯಾನರನ್ನು, ಹುಡುಕದೆ, ತಡವರಿಸದೆ ತೆಗೆದುಕೊಂಡಳು. ಕ್ರ್ಯಾಂಕಿನ ತುದಿಗೆ ಅದನ್ನು ಹಾಕಿ ತಿರುಗಿಸಿದಳು. ಪಿಸ್ಟನ್ನುಗಳ ಭಾರವಿಲ್ಲದ ಕ್ರ್ಯಾಂಕು ಗರ್ರನೆ ತಿರುಗಿಬಿಟ್ಟಿತು. ಅವಳ ಕೈ ಅಲ್ಲೇ ನಿಂತಿತು. ಏನೋ ತಪ್ಪಿದೆ ಎಂಬಂತೆ ಹುಬ್ಬುಗಳು ಕೂಡಿದವು. ನಾಲ್ಕು ಬೋರುಗಳಲ್ಲಿ ಒಂದೊಂದಕ್ಕೂ ಬೆರಳು ಇಳಿಬಿಟ್ಟು "ಒಂದು... ಎರಡು..." ಎಂದು ಎಣಿಸಿದಳು. ಪ್ರತಿಯೊಂದಕ್ಕೂ ಒಂದು ಮುಚ್ಚಳ ಎಣ್ಣೆ ಹುಯ್ದಳು. ತಡೆಯಲು ಪಿಸ್ಟನ್ ಇಲ್ಲದ್ದರಿಂದ ಎಣ್ಣೆ ಕೆಳಕ್ಕಿಳಿದು ಮೇಜಿನಿಂದ ತೊಟತೊಟ ನೆಲಕ್ಕೆ ಬೀಳುತ್ತಿತ್ತು. ಸ್ಪ್ಯಾನರನ್ನು ಒರೆಸಿ ಮೊಳೆಗೆ ಸಿಕ್ಕಿಸಿ ಹೊರಟುಹೋದಳು.

ನಿದ್ದೆಯಲ್ಲಿ ನಡೆಯುವವರನ್ನು ಕೂಗಿ ಎಬ್ಬಿಸಬಾರದೆಂದು ಅಮ್ಮ ಹೇಳುತ್ತಿದ್ದಳು. ನಾನು ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ ಒಳಮನೆಯಲ್ಲಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಸಣ್ಣಗೆ ಗೊರಕೆ.

ಕಾಫಿ ಕೊಡಲು ಬಂದಾಗ ಕೇಳಿದೆ. "ಅತ್ತೆ, ಶೆಡ್ಡಿಗೆ ಬಂದಿದ್ಯಾ?"

"ನಾನ್ಯಾಕ್ಲಾ ಬರ್ಲಿ? ಅದ್ರೊಳೀಕೆ ಕಾಲಿಟ್ಟು ಆರು ವರ್ಷಾತು." ಲೋಟ ಹಿಡಿದ ಬೆರಳುಗಳು ಗ್ರೀಸಿನಿಂದ ಕಪ್ಪಾಗಿದ್ದವು. ನಾನು ನೋಡಿದ್ದನ್ನು ಅವಳೂ ನೋಡಿದಳು. "ಬಾಣಲೆ ಮಸಿ," ಎಂದು ಸೆರಗಿಗೆ ಒರೆಸಿಕೊಂಡಳು.

"ಮಾವ ಕೊನೇಲಿ ಕಾರಿನ ವಿಷಯ ಏನಾದ್ರೂ ಹೇಳಿದ್ನಾ?"

ಅವಳು ಹೊಸ್ತಿಲಲ್ಲಿ ಕೂತಳು. "ನಿಂತ್ರೆ ಇಂಜಿನ್ ಹಿಡ್ಕೊಂಬುಡ್ತದೆ, ಒಂದೀಟು ಎಣ್ಣೆ ಬುಟ್ಟು ತಿರುಗಿಸ್ತಿರು ಅಂದ್ರು. ಎಂಗೆ ಅಂತ ತೋರ್ಸೂ ಕೊಟ್ಟಿದ್ರು. ಹೂಂ ಅಂದಿದ್ದೆ. ಆಮ್ಯಾಕೆ ಆ ಕಾರು ನೋಡಾಕೇ ಆಗ್ಲಿಲ್ಲ. ಒಂದು ದಿನಾನೂ ಮಾಡ್ಲಿಲ್ಲ ಕಣ್ಲಾ. ಅದೊಂದು ಕೊರಗು ಐತೆ ನಂಗೆ."

ಹೇಳಿಬಿಡಲೇ ಎಂದುಕೊಂಡೆ. ಮಧ್ಯಾಹ್ನದ ಆ ಕಣ್ಣು ನೆನಪಾಗಿ ಧೈರ್ಯ ಸಾಲಲಿಲ್ಲ. "ಇಂಜಿನ್ ಹಿಡ್ಕೊಂಡಿಲ್ಲ ಅತ್ತೆ. ಯಾರೋ ತಿರುಗಿಸಿದಾರೆ," ಎಂದಷ್ಟೇ ಹೇಳಿದೆ.

ಅವಳು ಬೆಚ್ಚಲಿಲ್ಲ. "ಅಂಗಾರೆ ಅವ್ರೇ ಬಂದಿರ್ತಾರೆ," ಎಂದಳು. ಮುಖ ಹಗುರಾಗಿತ್ತು.

ಇಂಜಿನ್ ಕೂರಿಸಿ, ಹೊಸ ಟೈರು, ಬ್ಯಾಟರಿ ಹಾಕಲು ಇನ್ನೆರಡು ಭಾನುವಾರ ಹಿಡಿಯಿತು. ಒಂದು ರಿಂಗನ್ನು ತಲೆಕೆಳಗಾಗಿ ಹಾಕಿ ಮತ್ತೆ ಬಿಚ್ಚಿದೆ. ಮಧ್ಯಾಹ್ನಗಳಲ್ಲಿ ಮಾತ್ರ ಶೆಡ್ಡಿನಲ್ಲಿರದೆ ಹೊಂಗೆಮರದ ಕೆಳಗೆ ಹೋಗಿ ಕೂರುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೀಲಿ ತಿರುಗಿಸಿದಾಗ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಇಂಜಿನ್ ಸ್ಟಾರ್ಟ್ ಆಯಿತು. ಅತ್ತೆ ಅಂಗಳದಲ್ಲಿ ಕೈಯಲ್ಲಿ ಮೊರ ಹಿಡಿದೇ ನಿಂತುಬಿಟ್ಟಳು. ಆಮೇಲೆ ಬೇರೆ ಸೀರೆ ಉಟ್ಟು ಬಂದು ಪಕ್ಕದ ಸೀಟಿನಲ್ಲಿ ಕೂತಳು.

ಜವಳಗಿರಿಯ ಕಡೆ ಹೊರಟೆವು. ಕಾಡು ಶುರುವಾಗುವ ತನಕ ರಾಗಿ ಹೊಲಕ್ಕೆ ಆನೆ ಬಿದ್ದದ್ದು, ಡೈರಿಯ ಹಾಲಿನ ಅಳತೆ ಎಂದು ಏನೇನೋ ಮಾತಾಡಿದಳು. ಏರು ಬಂದಾಗ ಮಾತು ನಿಂತಿತು. ಇಂಜಿನ್ ಇನ್ನೂ ಏದುಸಿರು ಬಿಟ್ಟಿರಲಿಲ್ಲ.

"ಸೆಕೆಂಡಿಗೆ ಹಾಕು," ಎಂದಳು.

ಅತ್ತೆಗೆ ಸೈಕಲ್ಲೂ ಬಾರದು. ಗೇರು ಇಳಿಸಿದೆ. ಕಾರು ಏರನ್ನು ಸಲೀಸಾಗಿ ಎಳೆಯಿತು. ಕುತ್ತಿಗೆ ತಿರುಗಿಸಿ ನೋಡಿದೆ. ಶೆಡ್ಡಿನಲ್ಲಿ ಆ ಮಧ್ಯಾಹ್ನ ಕಂಡ ಅದೇ ಕಣ್ಣು ರಸ್ತೆಯ ಮೇಲಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಎಡಗೈ ತೊಡೆಯ ಮೇಲೆ, ಇಲ್ಲದ ಗೇರಿನ ಕೋಲನ್ನು ಹಿಡಿದಂತೆ, ಮೆಲ್ಲಗೆ ಹಿಂದಕ್ಕೆಳೆದು ನಿಂತಿತ್ತು.

"ಅತ್ತೆ," ಎಂದು ಪಿಸುಗುಟ್ಟಿದೆ.

"ರಸ್ತೆ ನೋಡ್ಲಾ," ಎಂದಳು.