ವರ್ಲಿನ್‌ನ ಡೊಂಕು ನಳಿಗೆ

ವರ್ಲಿನ್ ಟ್ಯಾಕೆಟ್ ಕೂತು ಕಾಫಿ ಕುಡಿದದ್ದನ್ನು ಕಂಡವರು ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಯಾರೂ ಇಲ್ಲ. ಒಂದು ಗುಟುಕು ಹೀರಿ ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋಗುತ್ತಾನೆ, ನಾಯಿಗಳನ್ನು ಬೈದು ಬರುತ್ತಾನೆ, ಅಷ್ಟರಲ್ಲಿ ಕಾಫಿ ಆರಿರುತ್ತದೆ. "ಈ ಮನುಷ್ಯನ ಕಾಲಿಗೆ ದೇವರು ಚಕ್ರ ಕಟ್ಟಿ ಕಳಿಸಿದ್ದಾನೆ" ಎಂದು ಹೆಂಡತಿ ಆರ್ಡಿತ್ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಆದರೂ ಬಂದೂಕು ಕೆಟ್ಟರೆ ಸುತ್ತಲಿನವರೆಲ್ಲ ಬರುವುದು ಇವನ ಮನೆಯ ಹಿಂದಿನ ಷೆಡ್ಡಿಗೇ. ಅವನ ಲೇತ್ ಯಂತ್ರದಲ್ಲಿ ಕಡೆದದ್ದು ಕೂದಲೆಳೆಯಷ್ಟೂ ತಪ್ಪುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಅವನಂತೂ ಊರಿಗಿಂತ ಹೆಚ್ಚಾಗಿ ನಂಬಿದ್ದ.

ಆ ಶನಿವಾರ ಮಧ್ಯಾಹ್ನ ಮಗಳು ಕೋರಲೀ ಗಂಡ ಮತ್ತು ಕೂಸಿನೊಂದಿಗೆ ಬಂದಿಳಿದಳು. ಅಳಿಯ ಡ್ಯೂಯಿ ಪ್ರೇಟರ್‌ನ ಕೈಯಲ್ಲಿ ಕಾರ್ಬೈನ್ ಇತ್ತು, ಪಿಸ್ತೂಲಿನ ಗುಂಡನ್ನೇ ಹಾರಿಸುವ ಗಿಡ್ಡ ಬಂದೂಕು. ಆಡಿನ ಮಂದೆಗೆ ನುಗ್ಗುವ ಕಯೋಟಿ ಎಂಬ ಕಾಡುನಾಯಿಗಳನ್ನು ಹೊಡೆಯಲು ಅವರಿಗೆ ಅದು ಬೇಕು. ಸದ್ದಿಗೆ ಕೂಸು ಬೆಚ್ಚಿ ಅಳುತ್ತದೆಂದು ಸದ್ದಡಗಿಸುವ ಸೈಲೆನ್ಸರ್ ಕೊಳವೆ ಹಾಕಿಸುವ ಮಾತಾಗಿತ್ತು. ಅದನ್ನು ತಿರುಗಿಸಿ ಕೂರಿಸಲು ನಳಿಗೆಯ ತುದಿಗೆ ಥ್ರೆಡ್, ಅಂದರೆ ತಿರುಪಿನ ಸುತ್ತು, ಕಡೆದುಕೊಟ್ಟವನು ವರ್ಲಿನ್ನೇ, ಹೋದ ವಸಂತದಲ್ಲಿ. ಸರ್ಕಾರದ ಕಾಗದಪತ್ರ ಮುಗಿದು ಸೈಲೆನ್ಸರ್ ಕೈಗೆ ಬಂದದ್ದು ಈ ವಾರ.

"ಅಪ್ಪ, ಮೂರನೇ ಗುಂಡಿಗೇ ಒಳಗೆ ಏನೋ ಟಣ್ ಅಂತು. ನೋಡು, ಸೈಲೆನ್ಸರ್ ಬಾಯಿ ಹೇಗೆ ಹರಿದಿದೆ" ಎಂದಳು ಕೋರಲೀ.

ಗುಂಡು ಸೈಲೆನ್ಸರಿನ ಒಳಗೋಡೆಗೆ ತಗುಲಿತ್ತು. ಅಂದರೆ ನಳಿಗೆಗೂ ಅದಕ್ಕೂ ನೇರ ಕೂಡಿಲ್ಲ. ಅಂಥ ಗುಂಡು ಎತ್ತ ಸಿಡಿಯುತ್ತದೋ ಹೇಳಲಾಗದು. ಈ ನಳಿಗೆ ಕಡೆದ ದಿನವೇ ಅದೇ ಲೇತಿನಲ್ಲಿ ವರ್ಲಿನ್ ಗೆಳೆಯ ಹೋಬರ್ಟ್ ಸ್ಲೋನನ ನಳಿಗೆಯನ್ನೂ ಕಡೆದಿದ್ದ. ಹೋಬರ್ಟ್‌ನ ಸೈಲೆನ್ಸರೂ ಈ ವಾರವೇ ಬಂದಿತ್ತು. ಸಂಜೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಹುಲ್ಲುಗಾವಲಿನಲ್ಲಿ ಹೊಡೆದು ನೋಡುತ್ತೇನೆ ಎಂದು ಬೆಳಿಗ್ಗೆಯಷ್ಟೇ ಹೇಳಿಹೋಗಿದ್ದ.

ವರ್ಲಿನ್ ಬಾಗಿಲವರೆಗೆ ಹೋದ, ವಾಪಸು ಬಂದ. ಬಂದೂಕು ಖಾಲಿಯೇ ಎಂದು ಎರಡು ಸಲ ನೋಡಿದ. ಕೆಟ್ಟದ್ದನ್ನು ಬಿಚ್ಚಿಟ್ಟು, ಷೆಡ್ಡಿನಲ್ಲಿದ್ದ ತನ್ನದೇ ಸೈಲೆನ್ಸರನ್ನು ಕೂರಿಸಲು ಹೊರಟಾಗ ಥ್ರೆಡ್ಡಿನ ಬುಡದಲ್ಲಿ ಒಂದು ವಾಷರ್ ಕಂಡಿತು. ಬಿಗಿದಾಗ ನಜ್ಜುಗುಜ್ಜಾಗುವ ಜಾತಿಯ ಮೆತ್ತನೆ ವಾಷರ್. ಅದು ಒಂದೇ ಸಮನಾಗಿ ನಜ್ಜಾಗುವುದಿಲ್ಲ, ಸೈಲೆನ್ಸರಿನ ಕೆಳಗೆ ಅದನ್ನು ಹಾಕಬಾರದೆಂದು ಆ ಕಣಿವೆಯ ಮಕ್ಕಳಿಗೂ ಗೊತ್ತು.

ತಪ್ಪು ತನ್ನದಲ್ಲವೆಂದು ಅವನಿಗೆ ಹೋದ ಜೀವ ಬಂದಂತಾಯಿತು. ದನಿಯೂ ಬಂತು.

"ಯಾರಪ್ಪ ಇದನ್ನ ಹಾಕಿದ ಮಹಾನುಭಾವ?"

"ನಾನೇ ಮಾವ" ಎಂದ ಡ್ಯೂಯಿ.

"ನೀನಲ್ಲದೆ ಇನ್ಯಾರು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕೆಲಸ ಕೆಡಿಸಿ ನನ್ನ ಬಾಗಿಲಿಗೇ ತರ್ತೀಯಲ್ಲ! ಆಡು ಕಾಯೋನಿಗೆ ಬಂದೂಕು ಯಾಕೆ, ಕೋಲು ಸಾಕಾಗಿತ್ತು."

"ಅಪ್ಪ!" ಎಂದಳು ಕೋರಲೀ.

"ಇರ್ಲಿ ಬಿಡೆ, ತಪ್ಪು ನಂದೇ" ಎಂದು ಡ್ಯೂಯಿ ಹೊರಗೆ ಹೋಗಿ ಜಗಲಿಯ ಮೇಲೆ ಕೂತ. ಕೋರಲೀ ಅಪ್ಪನನ್ನು ದುರುಗುಟ್ಟಿ ನೋಡಿ, ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು.

ವರ್ಲಿನ್ ಶಿಳ್ಳೆ ಹಾಕುತ್ತಾ ವಾಷರ್ ಕಿತ್ತೆಸೆದ. ನಳಿಗೆಯನ್ನು ಒರೆಸಿ ತನ್ನ ಸೈಲೆನ್ಸರ್ ಬಿಗಿದು, ನೇರ ನೋಡುವ ಉಕ್ಕಿನ ಸರಳನ್ನು ನಳಿಗೆಯೊಳಗೆ ತೂರಿಸಿದ. ಸೈಲೆನ್ಸರಿನ ಬಾಯಲ್ಲಿ ಸರಳಿನ ತುದಿ ನಟ್ಟನಡುವೆ ನಿಲ್ಲಬೇಕು. ಅದು ಬಲಕ್ಕೆ ವಾಲಿ ಅಂಚಿಗೆ ತಾಕಿಕೊಂಡಿತ್ತು.

ಶಿಳ್ಳೆ ನಿಂತಿತು. ಎಲ್ಲೋ ಕಸ ಕೂತಿರಬೇಕೆಂದು ಬಿಚ್ಚಿ, ಉಜ್ಜಿ, ಮತ್ತೆ ಬಿಗಿದ. ಬಲಕ್ಕೇ. ಬೇರೆ ಸೈಲೆನ್ಸರ್ ಹಾಕಿದ. ಬಲಕ್ಕೇ. ಬಾಲ ಸುಟ್ಟ ಬೆಕ್ಕಿನಂತೆ ಷೆಡ್ಡಿನ ತುಂಬ ಸುತ್ತಿದ. ಸುತ್ತುತ್ತಾ ಸುತ್ತುತ್ತಾ ಅವನಿಗೆ ವಸಂತದ ಆ ದಿನ ನೆನಪಾಯಿತು. ನಾಯಿಗಳು ಬೊಗಳಿದವೆಂದು ಅರ್ಧ ಕಡೆದ ನಳಿಗೆಯನ್ನು ಲೇತಿನಿಂದ ಬಿಚ್ಚಿಟ್ಟು ಹೊರಗೆ ಓಡಿದ್ದ. ಬಂದು ಮತ್ತೆ ಸಿಕ್ಕಿಸುವಾಗ ನಳಿಗೆಯ ತೂತನ್ನು ನಡುವಿಗೆ ತಂದು ಅಳೆಯಬೇಕಿತ್ತು. ಅಳೆಯದೆ ಕಣ್ಣಂದಾಜಿನಲ್ಲೇ ಬಿಗಿದಿದ್ದ. ಹೋಬರ್ಟ್‌ನದನ್ನೂ ಹಾಗೆಯೇ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ.

ವಾಷರು ಹಾಕುವಷ್ಟು ದಡ್ಡನಲ್ಲ ಡ್ಯೂಯಿ. ಮತ್ತೆ ಯಾಕೆ ಹಾಕಿದ? ಉತ್ತರ ಹೊಳೆದಾಗ ವರ್ಲಿನ್‌ಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಹೋಬರ್ಟ್‌ಗೆ ಹೇಳಿದರೆ ನಾಳೆ ಚರ್ಚಿನ ಮೆಟ್ಟಿಲ ಮೇಲೆ ಇಡೀ ಕಣಿವೆಗೆ ಸುದ್ದಿ. ಹೇಳದಿದ್ದರೆ ಆ ಮಕ್ಕಳು.

ಫೋನನ್ನು ಜಗಲಿಗೇ ತೆಗೆದುಕೊಂಡು ಹೋಗಿ ಅಳಿಯನ ಎದುರೇ ನಿಂತು ಮಾತಾಡಿದ.

"ಹೋಬರ್ಟ್, ಹೊಡೆದ್ಯಾ? ಇಲ್ವಲ್ಲ? ಸದ್ಯ. ಮುಟ್ಟಬೇಡ ಅದನ್ನ. ನಾನು ಡೊಂಕು ಕಡೆದಿದ್ದೀನಿ. ಹ್ಞೂ, ನಾನೇ. ನಗು, ನಗು. ನಕ್ಕಾದ್ಮೇಲೆ ತಗೊಂಡು ಬಾ."

ಫೋನ್ ಇಟ್ಟು ಡ್ಯೂಯಿಯನ್ನು ನೋಡಿದ. "ನಿಂಗೆ ಗೊತ್ತಿತ್ತು."

"ಸೈಲೆನ್ಸರ್ ಹಾಕಿ ಹಿಂದಿನಿಂದ ಬೆಳಕಿಗೆ ಹಿಡಿದು ನೋಡ್ದೆ. ಒಂದು ಕಡೆ ಮುಚ್ಚಿಕೊಂಡಿತ್ತು. ವಾಷರ್ ಹಾಕಿದ್ರೆ ನೇರ ಆಗ್ಬಹುದು ಅಂದ್ಕೊಂಡೆ. ಕಣ್ಣಿಗೆ ನೇರ ಆದಂಗೂ ಇತ್ತು."

"ನನ್ನ ಮುಖಕ್ಕೇ ಹೇಳೋಕೇನಾಗಿತ್ತೋ ನಿಂಗೆ? ಬೈಸ್ಕೊಂಡು ಎದ್ದು ಬಂದ್ಯಲ್ಲ!"

ಡ್ಯೂಯಿ ಟೋಪಿಯನ್ನು ಕೈಯಲ್ಲಿ ತಿರುವಿದ. "ಆ ಬಂದೂಕು ಕಡೆದು ಕೊಡೋವಾಗ ನೀವು ನನ್ನ ಕೈ ಕುಲುಕಿದ್ರಿ ಮಾವ. ಮದುವೆ ದಿನಾನೂ ಕುಲುಕಿರಲಿಲ್ಲ."

ವರ್ಲಿನ್ ಮೆಟ್ಟಿಲಿಳಿದು ನಾಯಿಗಳ ಕಡೆ ಹೊರಟವನು ನಡುವೆಯೇ ನಿಂತು ತಿರುಗಿ ಬಂದ.

"ಏಳು. ಒಳಗೆ ಬಾ. ಎರಡೂ ನಳಿಗೆ ತುದಿ ಕತ್ತರಿಸಿ ಹೊಸದಾಗಿ ಕಡೀಬೇಕು. ನೀನು ಬಾಗಿಲಿಗೆ ಅಡ್ಡ ಸ್ಟೂಲ್ ಹಾಕ್ಕೊಂಡು ಕೂತ್ಕೋ. ನಾಯಿ ಬೊಗಳ್ಲಿ, ಮನೆಗೇ ಬೆಂಕಿ ಬೀಳ್ಲಿ, ಕೆಲಸ ಮುಗಿಯೋವರೆಗೂ ನನ್ನನ್ನ ಹೊರಗೆ ಬಿಡ್ಬೇಡ."

"ಬೈತೀರಲ್ಲ ಮಾವ?"

"ಬೈತೀನಿ. ಆದ್ರೂ ಬಿಡ್ಬೇಡ."