ಬಿಟ್‌ಕಾಯಿನ್ನಿಗೆ ಹೂ ಪ್ರಸಾದ

ಗೆಳೆಯರೇ, ದೇವರಿಗೇ ತಲೆ ಕೆಡಿಸುವವನು ನಮ್ಮ ಮನೆಯಲ್ಲೇ ಇದ್ದಾನೆ. ಎರಡು ಸೀಮೆಹಸು ಮಾರಿ ಬಿಟ್‌ಕಾಯಿನ್ ಕೊಂಡಿರುವ ನನ್ನ ಭಾಮೈದ ಮಂಜ, ಇವತ್ತು ಬೆಳಿಗ್ಗೆ ತೂಬಗೆರೆಯ ಅಮ್ಮನ ಗುಡಿಯಲ್ಲಿ ಹೂ ಪ್ರಸಾದ ಕೇಳಲು ಕೂತ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ.

"ಅಮ್ಮಾ, ಅಮೆರಿಕದೋರು ಬಿಟ್‌ಕಾಯಿನ್ ಕಾನೂನು ಇನ್ನೂ ಸಡಿಲ ಮಾಡ್ತಾರಾ? ಮಾಡಿದ್ರೆ ರೇಟು ಏರುತ್ತೆ."

ಬಲಗಡೆಯ ಹೂ ಬಿತ್ತು. ಮಂಜ ಕೂತಲ್ಲೇ ಕುಣಿದ. ಪೂಜಾರಪ್ಪ ಬಿದ್ದ ಹೂವಿನ ಜಾಗಕ್ಕೆ ಇನ್ನೊಂದು ಮುಡಿಸಿದರು.

"ಚೀನಾದೋರು ಬ್ಯಾನ್ ತೆಗೀತಾರಾ?"

ಎಡಗಡೆಯದು ಬಿತ್ತು.

"ಅಮ್ಮಾ, ರೇಟು ಬಿದ್ದೋಗುತ್ತೆ, ಇನ್ನೊಂದ್ಸಲ ನೋಡು!"

ಪೂಜಾರಪ್ಪ ಗದರಿದರು. "ಏನಪ್ಪಾ, ಅಮ್ಮನಿಗೆ ನಮ್ಮ ಹೋಬಳಿ ನೋಡ್ಕೊಳ್ಳೋದೇ ಸಾಕಾಗಿದೆ. ನಮ್ಮ ದೇಶದ್ದು ಕೇಳಿ ಎದ್ದೇಳು." ಮತ್ತೆ ಎರಡು ಹೂ ಮುಡಿಸಿದರು.

"ನಮ್ಮ ಸರ್ಕಾರ ಇದನ್ನ ಒಪ್ಪುತ್ತಾ ಅಮ್ಮಾ?"

ಅರ್ಧ ಗಂಟೆ ಕಾದೆವು. ಬಲದ್ದೂ ಬೀಳಲಿಲ್ಲ, ಎಡದ್ದೂ ಬೀಳಲಿಲ್ಲ. ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದು ಬಂದರು.

"ಹೂವೇ ಬಿದ್ದಿಲ್ವಲ್ಲ ಸ್ವಾಮಿ!"

"ಬೀಳ್ಲಿ, ಬಿಡ್ಲಿ, ತಟ್ಟೆಗೆ ಹಾಕ್ಲೇಬೇಕು ಕಣಪ್ಪಾ."

ನಮ್ಮ ಸರ್ಕಾರದ ಕ್ರಿಪ್ಟೊ ನೀತಿ ನನಗೆ ಅರ್ಥವಾಗಿದ್ದು ಇವತ್ತೇ. ಹೌದು ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ, ತೆರಿಗೆ ಮಾತ್ರ ಬಿಡುವುದಿಲ್ಲ.